ಬೀಗಿತ್ತಿಯ ಕೈಗೆ ಬರುವ ಮೀನು

ಮನೆ, ನಡುಕೋಣೆಯ ಕಿಟಕಿ ಪಕ್ಕ
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮಿಡತೆಗೆ ಅಜ್ಜಿಯ ಅಪ್ಪುಗೆ.

ಹೇಗಿದ್ದೀಯ ಕೂಸೇ? ಆ ಗುಡ್ಡದ ತುದಿಯ ಹವಾಮಾನ ಕೇಂದ್ರದಲ್ಲಿ ಗಾಳಿ ಅಳೆಯುತ್ತಾ ಅಳೆಯುತ್ತಾ ನೀನೇ ಹಾರಿಹೋಗಿಲ್ಲ ತಾನೆ? ಕೆಮ್ಮು ಬಿಟ್ಟಿತೇ? ನಾನು ಹೊಲಿದುಕೊಟ್ಟ ದಪ್ಪ ಒಳಂಗಿ ಹಾಕಿಕೊಳ್ಳುತ್ತಿದ್ದೀಯೋ, ಪೆಟ್ಟಿಗೆಯ ತಳದಲ್ಲೇ ಮಲಗಿಸಿದ್ದೀಯೋ? ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ವಾರಕ್ಕೊಮ್ಮೆ ಸಾಮಾನಿನ ಗಾಡಿಯಲ್ಲಿ ಟಪಾಲು ಹೋಗುತ್ತದೆ ಎಂದು ನಿನ್ನ ಅಪ್ಪ ಹೇಳಿದ. ಅದಕ್ಕೇ ಈ ಕಾಗದ. ನನ್ನ ಮಂಡಿ ಎಂದಿನಂತೆ ಮುನಿಸಿಕೊಂಡೇ ಇದೆ. ನಿನ್ನ ಅಪ್ಪ ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮತ್ತೆ ಮುಖ ತೋರಿಸುವುದು ಸಂಜೆಗೇ. ಹಗಲೆಲ್ಲ ಮನೆಯಲ್ಲಿರುವುದು ನಾನು, ನಿನ್ನ ಅಮ್ಮನನ್ನು ಹೆತ್ತ ನನ್ನ ಬೀಗಿತ್ತಿ, ಮತ್ತೆ ನೀನು ಬಿಟ್ಟುಹೋದ ಮೀನಿನ ತೊಟ್ಟಿ.

ಆ ತೊಟ್ಟಿಯ ವಿಷಯಕ್ಕೇ ಬರುತ್ತೇನೆ. ಹೊರಡುವ ದಿನ ನಮ್ಮಿಬ್ಬರ ಕೈ ಹಿಡಿದು, ‘ಅಜ್ಜೀರಾ, ಇಬ್ರೂ ಸೇರಿ ನೋಡ್ಕೊಳ್ಳಿ’ ಅಂದೆಯಲ್ಲ. ಸೇರಿ! ತಮ್ಮ ಮಾಳಿಗೆ ಮನೆಯ ಮೆಟ್ಟಿಲು ಹತ್ತಲಾಗದೆ ಬೀಗಿತ್ತಿ ನಮ್ಮಲ್ಲಿಗೆ ಬಂದಾಗಿನಿಂದ ನಾವಿಬ್ಬರೂ ಸೇರಿ ಒಂದು ಟೀ ಮಾಡಿದ್ದನ್ನು ನೀನು ಕಂಡಿದ್ದೀಯಾ? ಅವರಿಗೆ ಸಕ್ಕರೆ ಮುಂದು, ನನಗೆ ಟೀ ಸೊಪ್ಪು ಮುಂದು. ಆದರೂ ಮಗು ಹೇಳಿದೆ ಎಂದು ಒಪ್ಪಿಕೊಂಡೆ. ಮೇಲೆ ಮೇಲೆ ಈಜುವ ಸಣ್ಣ ಕೆಂಪು ಮೀನುಗಳಿಗೆ ಅವರು ಪುಡಿ ಹಾಕುವುದು, ತೊಟ್ಟಿಯ ಗಾಜು ಒರೆಸುವುದು ನಾನು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಆ ಕಂದು ಮೀನು, ನೀನು ‘ಪೊರಕೆ’ ಎಂದು ಹೆಸರಿಟ್ಟ ಮೀಸೆಯ ಮೀನು ಇದೆಯಲ್ಲ, ಅದಕ್ಕೇನು ಬೇರೆ ಊಟ? ಪಾಚಿ ತಿನ್ನುತ್ತದೆ, ಬದುಕುತ್ತದೆ ಎಂದುಕೊಂಡಿದ್ದೆ. ಜೀವಮಾನವಿಡೀ ಶಾಲಾಮಕ್ಕಳ ಬಿಳಿ ಅಂಗಿ ಹೊಲಿದವಳು ನಾನು, ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ದಿನಾ ಬೆಳಿಗ್ಗೆ ಒಂದು ಚೂರು ಹಸಿರೂ ಉಳಿಯದಂತೆ ಗಾಜನ್ನು ತಿಕ್ಕಿ ಫಳಫಳ ಅನ್ನಿಸುತ್ತಿದ್ದೆ. ಮನೆಗೆ ಬಂದವರು ಹೊಗಳಿದರೆ ಖುಷಿಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಹೀಗಿರುವಾಗ ನನ್ನ ಅಡುಗೆಮನೆಯಿಂದ ಒಂದು ಫೋರ್ಕ್ ಮಾಯವಾಯಿತು. ಹುಡುಕುತ್ತಾ ಸಂಜೆ ನಡುಕೋಣೆಗೆ ಬಂದರೆ ತೊಟ್ಟಿಯ ದೀಪ ಆರಿದೆ, ಬೀಗಿತ್ತಿ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಾರೆ. ನೀರಿನ ತಳದಲ್ಲಿ ನನ್ನ ಫೋರ್ಕ್, ಅದರ ಮುಳ್ಳಿಗೆ ಚುಚ್ಚಿದ ಬೇಯಿಸಿದ ಸೌತೆಕಾಯಿಯ ಬಿಲ್ಲೆ, ಆ ಬಿಲ್ಲೆಗೆ ಬಾಯಿ ಕಚ್ಚಿಕೊಂಡ ಪೊರಕೆ! ನಾನು ಹತ್ತಿರ ಹೋದರೆ ಮರದ ತುಂಡಿನ ಕೆಳಗೆ ನುಗ್ಗಿ ಬಾಲವನ್ನೂ ತೋರಿಸದ ಪ್ರಾಣಿ ಅದು. ಅವರೋ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದ ಆ ಜೇನಿನಂಥ ದನಿಯಲ್ಲಿ, ‘ನಿಧಾನ ಬಂಗಾರು, ಯಾರೂ ಕಿತ್ಕೊಳ್ಳಲ್ಲ’ ಅನ್ನುತ್ತಿದ್ದರು. ನೀನಿಟ್ಟ ಹೆಸರೂ ಹೋಯಿತು ನೋಡು, ಬಂಗಾರುವಂತೆ! ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತಲ್ಲ ಕೂಸೇ. ನಿಜವಾಗಿಯೂ ಇಲ್ಲಿ, ಪಕ್ಕೆಲುಬಿನ ಕೆಳಗೆ ಉರಿಯುತ್ತದೆ.

ಅವತ್ತಿನಿಂದ ಸಂಜೆ ಎಂದರೆ ಮನೆಯಲ್ಲಿ ಅದೇ ನಾಟಕ. ನಿನ್ನ ಅಮ್ಮ ಚೀಲ ಇಳಿಸುವುದಕ್ಕೂ ಮೊದಲೇ ತೊಟ್ಟಿಯ ಮುಂದೆ ಹಾಜರು. ನಿನ್ನ ಅಪ್ಪ, ನಾನು ಹೆತ್ತ ಮಗ, ನಾನು ಕೊಟ್ಟ ಟೀ ಹೀರಿಕೊಂಡು ನನಗೇ ಹೇಳಿದ, ‘ಅತ್ತೆ ಕೈಗುಣ ನೋಡಮ್ಮ!’ ಇಷ್ಟು ವರ್ಷ ಉಂಡ ಕೈಯ ಗುಣ ಅವನಿಗೆ ಒಂದು ದಿನವೂ ನೆನಪಾಗಲಿಲ್ಲ. ನಾನೂ ಹಟಕ್ಕೆ ಬಿದ್ದೆ. ಮಧ್ಯಾಹ್ನ ಅವರು ಮಲಗಿದಾಗ ಕುಂಬಳಕಾಯಿ ಹೋಳು ಹಾಕಿದೆ. ಬರಲಿಲ್ಲ. ಪಾಲಕ್ ಸೊಪ್ಪು ಬೇಯಿಸಿ ಹಾಕಿದೆ. ಬರಲಿಲ್ಲ. ನಾಚಿಕೆ ಬಿಟ್ಟು, ದನಿ ತೆಳ್ಳಗೆ ಮಾಡಿಕೊಂಡು ‘ಬಂಗಾರು’ ಎಂದೂ ಕರೆದೆ. ಅದು ಬರಲಿಲ್ಲ, ಒಳಕೋಣೆಯಿಂದ ಬೀಗಿತ್ತಿ ‘ಕರೆದ್ರಾ?’ ಎಂದರು. ನಾನು ಹಾಕಿದ್ದೆಲ್ಲ ಕಲ್ಲುಗಳ ಸಂದಿಗೆ ಸೇರಿತು, ತೆಗೆಯಬೇಕೆಂದು ನನಗೆ ಹೊಳೆಯಲೂ ಇಲ್ಲ. ಮೀನು ಯಾಕೋ ಮಂಕಾಗಿದೆ ಎಂದು ಅವರು ಇನ್ನೊಂದು ಬಿಲ್ಲೆ ಹೆಚ್ಚಿಗೆ ಇಟ್ಟರು. ಅದನ್ನು ಕಂಡು ನಾನು ಮತ್ತೊಂದು ಹೋಳು.

ಎರಡು ವಾರದ ಹಿಂದೆ ನೀರು ಗಂಜಿಯ ಬಣ್ಣಕ್ಕೆ ತಿರುಗಿ ನಾತ ಹೊಡೆಯತೊಡಗಿತು. ತಳ ಬಿಟ್ಟು ಏಳದ ಪೊರಕೆ ಪದೇ ಪದೇ ಮೇಲಕ್ಕೆ ನುಗ್ಗಿ ಬಾಯಿ ತೆರೆಯುತ್ತಿತ್ತು. ‘ನಿಮ್ಮ ಸೌತೆಕಾಯಿ!’ ಎಂದೆ. ‘ಹಾಗಾದ್ರೆ ಈ ಕುಂಬಳಕಾಯಿ ಯಾರದ್ದು?’ ಎಂದು ಅವರು ಫೋರ್ಕಿನಿಂದ ಒಂದು ಕೊಳೆತ ಹೋಳು ಎತ್ತಿ ತೋರಿಸಿದರು. ಬೀದಿ ತಿರುವಿನ ಸಾಕುಮೀನಿನ ಅಂಗಡಿಯವನನ್ನು ಕರೆಸಿದೆವು. ಅವನು ಮೂಸಿ ನೋಡಿ, ‘ಉಪವಾಸ ಕೆಡವಿ ಸಾಯ್ಸೋರನ್ನ ದಿನಾ ನೋಡ್ತೀನಿ. ಉಣ್ಸಿ ಉಣ್ಸಿ ಸಾಯ್ಸೋರನ್ನ ಇವತ್ತೇ ನೋಡಿದ್ದು’ ಎಂದ. ಕೊಳೆತದ್ದೆಲ್ಲ ತೆಗೆದು, ಸ್ವಲ್ಪ ಸ್ವಲ್ಪ ನೀರು ಬದಲಾಯಿಸಿ, ಕೆಲವು ದಿನ ಏನೂ ಹಾಕಬೇಡಿ ಎಂದು ಹೇಳಿಹೋದ.

ಹಾಗೆ, ನಿನ್ನ ಆಸೆಯಂತೆ, ನಾವಿಬ್ಬರೂ ಕೊನೆಗೆ ಸೇರಿ ಒಂದು ಕೆಲಸ ಮಾಡಿದೆವು. ಅವರು ಮಗ್ಗಿನಲ್ಲಿ ಮೊಗೆದರು, ನಾನು ಬಕೆಟ್ ಎಳೆದೆ. ನಡುವೆ ಅವರು ಮೊಗೆಯುವುದನ್ನು ನಿಲ್ಲಿಸಿ ಕಣ್ಣೊರೆಸಿಕೊಂಡರು. ‘ಮಗು ನನ್ನ ನಂಬಿ ಹೇಳ್ಕೊಟ್ಟಿತ್ತು ಬೀಗಿತ್ತಿ’ ಎಂದರು. ಏನು ಹೇಳಿಕೊಟ್ಟಿತ್ತು ಎಂದು ಕೇಳಿದೆ. ಆಗ ಹೊರಬಿತ್ತು. ಪಾಚಿಯೊಂದೇ ಅದಕ್ಕೆ ಸಾಲದು, ತರಕಾರಿ ಬೇಯಿಸಿ ಫೋರ್ಕಿಗೆ ಚುಚ್ಚಿ ಮುಳುಗಿಸಬೇಕು, ದೀಪ ಆರಿಸಿದರೆ ಮಾತ್ರ ಬರುತ್ತದೆ, ಉಳಿದದ್ದನ್ನು ಬೆಳಿಗ್ಗೆ ತೆಗೆಯಬೇಕು ಎಂದು ನೀನು ಅವರಿಗೆ ಎಲ್ಲ ಕಲಿಸಿಕೊಟ್ಟು ಹೋಗಿದ್ದೆ. ಅವರಿಗೆ. ನನಗಲ್ಲ. ‘ನಂಗ್ಯಾಕೆ ಹೇಳ್ಲಿಲ್ಲ ಅವಳು?’ ಎಂದೆ. ಅವರು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, ‘ಈ ಮನೇಲಿ ಒಲೆ ಆ ಅಜ್ಜೀದು, ಬೀಗದಕೈ ಆ ಅಜ್ಜೀದು, ಹೊಲಿಗೆ ಮಿಷನ್ನೂ ಆ ಅಜ್ಜೀದು. ನಿಂಗೆ ಅಂತ ಒಂದಾದ್ರೂ ಇರ್ಲಿ ಅಂದ್ಲು’ ಎಂದರು.

ನಾನು ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋಗಿ ನೀರು ಚೆಲ್ಲಿ, ಬರಿದಾದ ಬಕೆಟ್ ಹಿಡಿದು ಅಲ್ಲೇ ನಿಂತೆ. ನಿನ್ನ ಮೇಲೆ ಬಂದ ಸಿಟ್ಟನ್ನು ಆ ವಾರವೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ನಿನ್ನ ಮೊದಲ ಹಲ್ಲು ಚುಚ್ಚಿದ್ದು ನನ್ನ ಬೆರಳಿಗೆ, ಗೊತ್ತಾ? ಅವರು ಆಗ ಎಲ್ಲಿದ್ದರು? ನೀನು ಮಾಡಿದ್ದು ಸರಿಯೇ. ಸರಿ ಎಂದು ಗೊತ್ತಾದರೂ ಉರಿ ಆರುವುದಿಲ್ಲ, ಏನು ಮಾಡಲಿ.

ಪೊರಕೆ ಈಗ ಚೆನ್ನಾಗಿದೆ. ನೀರು ತಿಳಿಯಾಗಿದೆ. ತೊಟ್ಟಿಯ ಹಿಂದಿನ ಗಾಜನ್ನು ಒರೆಸದೆ ಹಸಿರಾಗಲು ಬಿಟ್ಟಿದ್ದೇನೆ, ಅದನ್ನು ನೋಡುವಾಗೆಲ್ಲ ಕೈ ತುರಿಸುತ್ತದೆ. ಮೊನ್ನೆ ಸಂಜೆ ಬೀಗಿತ್ತಿ ಸ್ಟೂಲಿನಿಂದ ಎದ್ದು, ‘ಇವತ್ತು ನೀವು ಕೊಡಿ’ ಎಂದು ಫೋರ್ಕನ್ನು ನನ್ನ ಕೈಗಿತ್ತರು. ಮೀನು ಮೂತಿ ಹೊರಗೆ ಹಾಕಿತು, ನನ್ನನ್ನು ನೋಡಿತು, ಒಳಗೆ ಹೋಯಿತು. ‘ಅದಕ್ಕೆ ಹಸಿವಿಲ್ಲ ಅನ್ಸುತ್ತೆ’ ಎಂದರು. ನಾನು ಆಚೆ ಹೋದದ್ದೇ ತಡ, ಬಂದು ಕಚ್ಚಿಕೊಂಡಿತಂತೆ. ಹಸಿವಿಲ್ಲ ಎಂಬ ಸುಳ್ಳನ್ನೂ ಆ ದನಿಯಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಾರೆ!

ಹೊಟ್ಟೆ ತುಂಬ ಉಣ್ಣು. ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಹೋಗಬೇಡ. ನೂರು ಕಾಲ ಬಾಳು ನನ್ನ ಮಿಡತೆ, ನಿನ್ನ ಜೊತೆ ಕೆಲಸ ಮಾಡುವವರಿಗೂ ಒಳ್ಳೆಯದಾಗಲಿ.

ನಿನ್ನ ಮೊದಲನೇ ಅಜ್ಜಿ

ಮರೆತಿದ್ದೆ: ಸಂಜೆಯಾಗಿದೆ, ನಿನ್ನ ಅಪ್ಪ ಕಾಗದವನ್ನು ಟಪಾಲಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಬೀಗಿತ್ತಿ ಸೀರೆಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ತಿಂಗಳ ಕೊನೆಗೆ ನಿನ್ನ ಸೋದರಮಾವನ ಮನೆಗೆ ಹೋಗಿಬಿಡುತ್ತಾರಂತೆ, ‘ನಿಮಗೂ ಕಷ್ಟ ಬೇಡ’ ಎಂದರು. ನನ್ನ ಹಾಳು ಬಾಯಿಗೆ ‘ನಿಮ್ಮಿಷ್ಟ’ ಎನ್ನುವುದು ಬಿಟ್ಟು ಬೇರೇನೂ ಬರಲಿಲ್ಲ. ಆಗಿನಿಂದ ಊಟ ಸೇರುತ್ತಿಲ್ಲ. ಹೋಗಬೇಡ ಅಜ್ಜಿ, ಮೀನು ಬಡವಾಗುತ್ತದೆ ಎಂದು ನೀನೇ ಅವರಿಗೆ ಒಂದು ಕಾಗದ ಬರೆ, ಈ ವಾರವೇ ಬರೆ. ನಾನು ಹೇಳಿದೆ ಎಂದು ಮಾತ್ರ ಬರೆಯಬೇಡ. ಮತ್ತೆ ಕೇಳು, ಅವರಿಗೆ ಬರೆಯುವ ಕಾಗದ ನನಗೆ ಬರೆಯುವುದಕ್ಕಿಂತ ಉದ್ದ ಇರಕೂಡದು.