ಪಥ್ಯ ಕೇಳಲು ಬಂದವಳು

ಅಕ್ಕಾ,

ಇವತ್ತು ಬೆಳಿಗ್ಗೆ ದಿಬ್ಬೂರಹಳ್ಳಿಯಿಂದ ಲಕ್ಷ್ಮೀನರಸಮ್ಮ ಬಂದಿದ್ದಳು. ಅವಳ ಗಂಡನಿಗೂ ನಿನ್ನ ಹಾಗೆಯೇ ಕುತ್ತಿಗೆಯಲ್ಲಿ ಗಂಟು, ಅದೇ ಲಿಂಫೋಮಾ ಕ್ಯಾನ್ಸರ್. ಮೊದಲ ಕೀಮೋ ಮುಗಿದಿದೆಯಂತೆ. ನಾವು ನಿನಗೆ ಯಾವ ಪಥ್ಯ ಮಾಡಿದೆವು ಎಂದು ಕೇಳಲು ಬಂದಿದ್ದಳು.

“ಬರೀ ಗಂಜಿ ಕೊಡ್ತಾ ಇದೀನಿ ಕಣಮ್ಮ. ಮೊಟ್ಟೆ, ಮೊಸರು, ಕಡಲೆಕಾಯಿ ಎಲ್ಲಾ ಬಿಡಿಸಿದೀನಿ. ಗಂಟು ಬೆಳೀಬಾರದಲ್ಲ?”

“ಎಲ್ಲಾ ಕೊಡಮ್ಮ. ತೂಕ ಇಳಿದ್ರೆ ಔಷಧಿ ತಡ್ಕೊಳಕ್ಕಾಗಲ್ಲ ಅಂತ ಡಾಕ್ಟ್ರು ಹೇಳಿದ್ರು,” ಎಂದೆ.

“ನಿಮ್ಮಕ್ಕಂಗೆ ಕೊಟ್ರಾ?”

“ಹೂಂ,” ಎಂದುಬಿಟ್ಟೆ.

“ತಿಂದೂ ಉಳೀಲಿಲ್ಲ ಅಂದ್ಮೇಲೆ ಪಥ್ಯಾನೇ ವಾಸಿ ಬಿಡಮ್ಮ,” ಎಂದು ಚೀಲ ಎತ್ತಿಕೊಂಡು ಎದ್ದಳು.

ಅವಳು ಹೊಸಿಲು ದಾಟುವ ಮೊದಲು ನಿಜ ಹೇಳಲೇಬೇಕಾಯಿತು. ಎಲ್ಲಾ ತಿನ್ನಿಸಿ ಎಂದು ಡಾಕ್ಟರು ಮೊದಲ ದಿನವೇ ತಿಳಿಸಿದ್ದರೆಂದು, ನೀನು ಮೊಟ್ಟೆ ಕೇಳಿದಾಗಲೆಲ್ಲ ಪಥ್ಯವೆಂದು ನಾನೇ ಕೊಡಲಿಲ್ಲವೆಂದು, ನಲವತ್ತೆಂಟು ಕೆ.ಜಿ. ಇದ್ದವಳು ಮೂವತ್ತಾರಕ್ಕೆ ಇಳಿದ ಮೇಲೆ ಕೀಮೋ ನಿಲ್ಲಿಸಿದರೆಂದು ಹೇಳಿದೆ. ಭಾವನಿಗೂ ಇದನ್ನು ಹೇಳಿಲ್ಲ.

ಲಕ್ಷ್ಮೀನರಸಮ್ಮ ಚೀಲ ಕೆಳಗಿಟ್ಟು, “ದಿನಕ್ಕೆ ಎಷ್ಟು ಮೊಟ್ಟೆ ಕೊಡ್ಲಿ?” ಎಂದಳು.

“ಅವರು ಕೇಳಿದಷ್ಟು ಕೊಡು,” ಎಂದೆ.