ಮನೆಗೊಂದೇ ಚೀಟಿ

ಹೊಸ ಬೂದಿಗುಡ್ಡ,
ಫೆಬ್ರವರಿ ೩೦, ೨೧೮೭

ನೂರೈವತ್ತು ವರ್ಷಕ್ಕೂ ಹಿಂದಿನ ನಮ್ಮ ಹಿರಿಯರೇ,

ತಾರೀಖು ನೋಡಿ ನಗಬೇಡಿ. ನಿಮ್ಮ ನಂತರದವರು ಎಲ್ಲ ತಿಂಗಳುಗಳನ್ನೂ ಮೂವತ್ತು ದಿನಕ್ಕೆ ಸರಿಮಾಡಿದರು. ಡಾಕ್ಟರು ಬರುವ ದಿನ ಎಣಿಸಲು ಅದೇ ಸುಲಭವಂತೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮನ್ನು ಕ್ಷಮಿಸುವ ಯೋಚನೆ ಮಾತ್ರ ನನಗಿಲ್ಲ.

ನಮ್ಮೂರಿಗೆ ಡಾಕ್ಟರು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು. ಆ ದಿನಕ್ಕೆ ‘ಡಾಕ್ಟರ ಹಬ್ಬ’ ಎನ್ನುತ್ತೇವೆ, ಹೋಳಿಗೆಯೊಂದು ಇರುವುದಿಲ್ಲ ಅಷ್ಟೆ. ಮನೆಗೆ ಒಂದೇ ಚೀಟಿ, ಒಬ್ಬರಿಗಷ್ಟೇ ಪರೀಕ್ಷೆ. ಹಾಗಾಗಿ ಕಾಯಿಲೆಯನ್ನು ಕಾದಿಡಲು ಕಲಿತೆವು. ಹಲ್ಲುನೋವಿಗೆ ಲವಂಗ, ಜ್ವರಕ್ಕೆ ಒದ್ದೆ ಬಟ್ಟೆ, ಸೊಂಟನೋವನ್ನಂತೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೀಗೆ ತಡೆದುಕೊಂಡದ್ದಕ್ಕೆ ‘ಕಾದಿಟ್ಟ ನೋವು’ ಎಂದು ಹೆಸರು. ಹೆಣ್ಣು ನೋಡಲು ಬಂದವರು ಹುಡುಗಿ ಎಷ್ಟು ತಡೆದುಕೊಳ್ಳುತ್ತಾಳೆ ಎಂದು ವಿಚಾರಿಸುತ್ತಾರೆ.

ನನ್ನ ಅವ್ವ ಸಾವಂತ್ರವ್ವನ ಎದೆಯಲ್ಲಿ ಗಂಟಾಗಿತ್ತು. ಮೊದಲ ಹಬ್ಬಕ್ಕೆ ನನ್ನ ಮಗಳಿಗೆ ಕೆಮ್ಮು, ಎರಡನೆಯದಕ್ಕೆ ಅಪ್ಪನ ಕಾಲಿಗೆ ಮೊಳೆ ಚುಚ್ಚಿತ್ತು, ಮೂರನೆಯದಕ್ಕೆ ನಾನೇ ಬಸುರಿ. ಮೂರು ಸಲವೂ ಚೀಟಿ ಬಿಟ್ಟುಕೊಟ್ಟಳು. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ನರ್ಸ್ “ನಿಮಗೇನರ ತ್ರಾಸ ಐತೇನ್ರಿ?” ಎಂದು ಕೇಳಿದರೆ, “ನನಗೇನಾಗೇತ್ರೀ, ಕಲ್ಲಿದ್ದಂಗ ಅದೀನಿ” ಎಂದು ನಕ್ಕಳು. ನರ್ಸ್ ಹಾಗೆಯೇ ಬರೆದುಕೊಂಡಳು. ಗಂಟಿನ ವಿಷಯ ನನಗೆ ಗೊತ್ತಿತ್ತು. ಪಕ್ಕದಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ನಾಲ್ಕನೆಯ ಹಬ್ಬದ ಹೊತ್ತಿಗೆ ಅವಳು ಇರಲಿಲ್ಲ.

ಅವ್ವ ಹೋದ ತಿಂಗಳೊಳಗೆ ಆರೋಗ್ಯ ಕಚೇರಿಯಿಂದ ಕಾಗದ ಬಂತು. ಈ ಊರಲ್ಲಿ ಕಾಯಿಲೆ ಕಡಿಮೆ, ಇನ್ನು ಮೇಲೆ ಡಾಕ್ಟರು ಆರು ತಿಂಗಳಿಗೊಮ್ಮೆ ಬಂದರೆ ಸಾಕು. ಇಂದಿಗೂ ಹಾಗೇ ಇದೆ.

ಈ ಲೆಕ್ಕ ಶುರುವಾದದ್ದು ನಿಮ್ಮ ಕಾಲದಲ್ಲಿ. ನಿಮ್ಮ ಆಸ್ಪತ್ರೆಯಲ್ಲಿ ಡಾಕ್ಟರ ಕುರ್ಚಿ ಖಾಲಿ ಇತ್ತು. ಇಲ್ಲದವರನ್ನು ಕಾಣಲು ಯಾಕೆ ಹೋಗಬೇಕು ಎಂದು ನೀವು ಮನೆಯಲ್ಲೇ ಉಳಿದಿರಿ. ರೋಗಿಗಳೇ ಬರುವುದಿಲ್ಲ, ಡಾಕ್ಟರು ಯಾಕೆ ಎಂದು ಮೇಲಿನವರು ಬರೆದರು. ನೀವು ಅದಕ್ಕೂ ಸುಮ್ಮನಿದ್ದಿರಿ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ನನ್ನದು ಒಂದೇ ಬೇಡಿಕೆ. ಡಾಕ್ಟರಿಲ್ಲದ ದಿನವೂ ಹೋಗಿ. ಖಾಲಿ ಕುರ್ಚಿಯ ಮುಂದೆ ನಿಂತು ನಿಮ್ಮ ಹೆಸರನ್ನೂ ನೋವನ್ನೂ ಬರೆಸಿ. ಬರೆಸದೆ ಅಲ್ಲಿಂದ ಕದಲಬೇಡಿ.

ಹೋದ ವಾರ ಸ್ನಾನ ಮಾಡುವಾಗ ನನ್ನ ಎದೆಯಲ್ಲೂ ಗಂಟು ಕೈಗೆ ಸಿಕ್ಕಿತು. ಹಬ್ಬಕ್ಕೆ ಇನ್ನೂ ನಾಲ್ಕು ತಿಂಗಳಿದೆ. ಮೊಮ್ಮಗನ ಕಿವಿ ಸೋರುತ್ತಿದೆ, ಚೀಟಿ ಒಂದೇ. ನಿನ್ನೆ ಮಗಳು ನನ್ನ ಮುಖ ನೋಡಿ, “ಯವ್ವಾ, ನಿನಗೇನರ ಆಗೇತೇನ?” ಎಂದು ಕೇಳಿದಳು.

“ಕಲ್ಲಿದ್ದಂಗ ಅದೀನಿ” ಎಂದೆ.

ಇಂತಿ,
ದ್ಯಾಮವ್ವ