ಸೋಡಾ ಅಂಗಡಿಯ ಫ್ರಿಜ್ಜು ನಮ್ಮ ತಲೀ ಮ್ಯಾಲೆ ಕುಂತೈತಿ

ಕೆಂಗಾಳಿ ತಿಂಗಳು, ಮೂವತ್ತೆಂಟನೇ ತಾರೀಖು. ನಿಮ್ಮ ಲೆಕ್ಕದಾಗ ಇಸವಿ 2149.

ಗಂಗಾವತಿ ತಾಲೂಕಿನ ರೊಟ್ಟಿ ಹುಲಿಗೆಮ್ಮಗ, ಅಕಿ ಮೊಮ್ಮಗಳ ಮೊಮ್ಮಗಳು ದುರುಗವ್ವ ಬರಿಯೋದು. ನಮಸ್ಕಾರ ಆಮ್ಯಾಲೆ ಹೇಳ್ತೀನಿ, ಮನಸ್ಸು ಬಂದ್ರ.

ತಾರೀಖು ನೋಡಿ ಗಾಬರಿ ಆಗಬ್ಯಾಡ, ನಮ್ಮ ತಿಂಗಳಿಗೆ ನಲವತ್ತು ದಿನ. ಮಾತು ಎಲ್ಲೆರ ಸೊಟ್ಟ ಕೇಳಿಸಿದ್ರ ಕ್ಷಮಾ ಇರ್ಲಿ. ನಾವು ಈಗ ಆಡೋ ಕನ್ನಡ ನಿನಗ ತಿಳಿಯಂಗಿಲ್ಲ. ನಿನ್ನ ಕನ್ನಡ ನಾನು ಕಲ್ತಿದ್ದು ನಿನ್ನ ಫೋನಿನಿಂದ. ನೀನು ನಿನ್ನ ತಂಗಿಗೆ ಕಳಿಸಿದ ಇನ್ನೂರಾ ಹನ್ನೆರಡು ವಾಯ್ಸ್ ಮೆಸೇಜು ದನಿ ಉಗ್ರಾಣದಾಗ ಇನ್ನೂ ಅದಾವ. ಎರಡು ವರ್ಷ ಕುಂತು ಕೇಳೀನಿ. ಅತ್ತಿ ಮ್ಯಾಲಿನ ಚಾಡಿ ಕೇಳೀನಿ, ಬದ್ನಿಕಾಯಿ ರೇಟು ಕೇಳೀನಿ. ಬೈಗುಳ ಅಂತೂ ಎಲ್ಲಾ ನಿನ್ನ ಬಾಯಿಂದನ ಕಲ್ತೀನಿ, ಇವತ್ತು ಅವನ್ನ ನಿನಗ ವಾಪಸ್ ಕೊಡ್ತೀನಿ.

ಈ ಪತ್ರ ಹಿಂಗಾಲುವ್ಯಾಗ ಬರ್ತೈತಿ, ಅಂದ್ರ ಹಿಂದಿನ ಕಾಲಕ್ಕ ಟಪಾಲು ಒಯ್ಯೋ ದಾರಿಯೊಳಗ. ಒಬ್ಬರಿಗೆ ಜೀವಮಾನದಾಗ ಒಂದ ಪತ್ರ ಕಳಸಾಕ ಪರವಾನಗಿ. ನನ್ನ ವಾರಿಗೆಯವ್ರು ಅದನ್ನ ತೀರಿಹೋದ ತಾಯಿಗೆ ಬರಿತಾರ, ಸಣ್ಣ ವಯಸ್ಸಿನಾಗ ಸತ್ತ ಗಂಡಗ ಬರಿತಾರ. ನಾನು ಮಾರಿ ಸೈತ ನೋಡದ ನಿನಗ ಬರಿಯಾಕತ್ತೀನಿ, ಅದೂ ಬೈಯಾಕ. ಹೊಟ್ಟಿ ಎಷ್ಟು ಉರದಿರಬೇಕು, ನೀನ ಲೆಕ್ಕ ಹಾಕು.

ನಿನ್ನ ಕಾಲದಾಗ ಬ್ಯಾಂಕಿಗೆ ಸಾಲ ಕೇಳಾಕ ಹೋದಾಗ ಮಾತ್ರ ನೋಡ್ತಿದ್ರಲ್ಲ ಆ ಮೂರಂಕಿ ನಂಬರು, ಅದು ನಮ್ಮ ಕಾಲದಾಗ ಕೊಳ್ಳಾಗ ನೇತಾಡ್ತೈತಿ. ಪತ್ತಿನಮಣಿ ಅಂತೀವಿ. ಹುಟ್ಟಿದ ಐದನೇ ದಿನಕ್ಕ ಕೂಸಿಗೆ ಕಟ್ತಾರ, ಸತ್ತ ಮ್ಯಾಲೆ ಬಿಚ್ತಾರ. ಅಂಕ ಚಲೋ ಇದ್ರ ಹಸಿರು, ನಡಬರಕ ಇದ್ರ ಅರಿಶಿಣ, ಕೆಟ್ಟಿದ್ರ ಬೂದಿ ಬಣ್ಣ. ನಮ್ಮ ಮನ್ಯಾಗ ಎಲ್ಲಾರದೂ ಬೂದಿ. ನಳದ ಸಾಲಿನ್ಯಾಗ ಬೂದಿಯವ್ರು ಕಡೀಕ ನಿಲ್ಲಬೇಕು, ಬಕೀಟು ಅರ್ಧ ತುಂಬೂದ್ರಾಗ ನೀರು ನಿಂತಿರ್ತೈತಿ. ಅಂಗಡಿಯಾವ ನನ್ನ ಮಾರಿ ನೋಡೂದಕ್ಕಿಂತ ಮೊದ್ಲ ಕೊಳ್ಳ ನೋಡ್ತಾನ, ಆಮ್ಯಾಲೆ ಏನು ಬೇಕಬೇ ಅಂತಾನ. ಬೀಗತನಕ್ಕ ಬಂದವ್ರು ಚಾ ಕುಡದು, ಮಣಿ ನೋಡಿ, ಊರಾಗ ಕೆಲಸ ಐತಿ ಅಂತ ಎದ್ದು ಹೋಗ್ತಾರ. ನಿನ್ನ ಮೊಮ್ಮಕ್ಕಳ ಕಾಲಕ್ಕ ಏಳು ತಲಿ ಕಾಯ್ದೆ ಅಂತ ಒಂದು ಬಂತು. ಅವತ್ತಿನಿಂದ ಒಬ್ಬರ ಅಂಕದಾಗ ಹಿಂದಿನ ಏಳು ತಲಿಮಾರಿನವ್ರ ಫೈಲೂ ಸೇರ್ತೈತಿ.

ಈಗ ನನ್ನ ಮಗಳ ಮಾತು. ಹೆಸರು ಪಂಪಾ, ವಯಸ್ಸು ಹತ್ತೊಂಬತ್ತು. ನಾವು ಇರೋದು ಹೊರಊರಾಗ, ಗುಡ್ಡದ ಬಂಡಿ ಕೊರದು ಮಾಡಿದ ಖೋಲ್ಯಾಗ. ವರ್ಷದಾಗ ಆರು ತಿಂಗಳು ಕೆಂಪು ಧೂಳು ಬೀಸ್ತೈತಿ. ಅರಬಿ ತೊಯ್ಸಿ ಬಾಗಿಲಿಗೆ ಬಿಗದ್ರೂ ರೊಟ್ಟ್ಯಾಗ ಕರಕರ ಅಂತೈತಿ. ಆ ಧೂಳು ಅಕಿ ಎದ್ಯಾಗ ಕುಂತೈತಿ. ಮಾತಾಡುವಾಗ ಮೂರು ಶಬ್ದಕ್ಕೊಮ್ಮೆ ಉಸಿರು ತಗೋತಾಳ. ಒಳಊರಾಗ, ಅಂದ್ರ ತಂಪುಗ್ವಾಡಿ ಕಟ್ಟಿದ ಪ್ಯಾಟ್ಯಾಗ, ಇದಕ್ಕ ಔಷಧ ಐತಿ, ಧೂಳಿಲ್ಲದ ಗಾಳಿನೂ ಐತಿ. ಆದ್ರ ಒಳಗ ಇರಾಕ ಅರಿಶಿಣ ಮಣಿ ಬೇಕು. ನಮಗ ಕಮ್ಮಿ ಬಿದ್ದಿದ್ದು ಹನ್ನೊಂದು ಅಂಕ. ನಾಡಿದ್ದು ಅಕಿ ಅರ್ಜಿ ಕಡೇ ವಿಚಾರಣಿ. ಇದು ತಪ್ಪಿದ್ರ ಮತ್ತ ನಾಕು ವರ್ಷ ಅರ್ಜಿ ಹಾಕಂಗಿಲ್ಲ, ಅಷ್ಟು ದಿನ ಅಕಿ ಉಳಿಯಂಗಿಲ್ಲ ಅಂತ ಡಾಕ್ಟರು ನನ್ನ ಮಾರಿಗೆ ಹೇಳ್ಯಾರ.

ಹನ್ನೊಂದು ಅಂಕ ಎಲ್ಲಿ ಹೋದವು ಅಂತ ಏಳು ತಲಿಯವ್ರ ಫೈಲು ತೆಗೆಸಿ ಒಂದೊಂದ ಸಾಲು ಓದಿದೆ. ಎಲ್ಲಾರೂ ಕೂಲಿ ಮಾಡಿ ಉಂಡವ್ರು, ಕೈ ಶುದ್ಧ. ನಿನ್ನ ಫೈಲಿನ್ಯಾಗ ಒಂದು ಸಾಲು ಇತ್ತು: ಫ್ರಿಜ್ ಸಾಲ, ಇಸವಿ 2019, ತೀರಿಲ್ಲ. ನಿನ್ನ ಮನ್ಯಾಗ ಫ್ರಿಜ್ಜ ಇದ್ದಿದ್ದಿಲ್ಲ! ಮಣ್ಣಿನ ಗಡಿಗ್ಯಾಗ ಮಜ್ಜಿಗಿ ಇಟ್ಟು, ನಮ್ಮ ಫ್ರಿಜ್ಜು ಇದ ನೋಡವ್ವಾ ಅಂತ ತಂಗಿಗೆ ನಗ್ತಿದ್ದಿ. ಮತ್ತ ಯಾರ ಫ್ರಿಜ್ಜು ಇದು?

ಸೋಡಾ ಅಂಗಡಿ ಹುಲಿಗೆಮ್ಮಂದು. ನಿನ್ನ ಓಣ್ಯಾಕಿ, ನಿನ್ನ ಗೆಳತಿ. ನಿಮ್ಮ ಭಾಗದಾಗ ಹುಲಿಗೆಮ್ಮ ದೇವಿ ಹೆಸರು ಮನಿಗೊಬ್ಬರಿಗೆ, ಅದರಾಗ ತಪ್ಪಿಲ್ಲ. ಕನ್ನಡ ಸಾಲಿಗೆ ಹೆಸರು ಹಚ್ಚುವಾಗ ನಿಮ್ಮ ವೀರಭದ್ರಯ್ಯ ಮಾಸ್ತರ, ಪುಣ್ಯಾತ್ಮ, ಇಡೀ ವರ್ಗಕ್ಕ ಹುಟ್ಟಿದ ದಿನ ಜೂನ್ ಒಂದನೇ ತಾರೀಖು ಅಂತ ಬರದು ಕೈ ತೊಳಕೊಂಡ. ಊರಿನ ತಾಯಂದ್ರೆಲ್ಲಾ ಒಂದ ದಿನ ಹಡದ್ರೇನು? ಅದೂ ಹೋಗ್ಲಿ. ಆದ್ರ ಸೋಡಾ ಹುಲಿಗೆಮ್ಮ ಫ್ರಿಜ್ಜಿಗೆ ಕಂತಿನ ಫಾರಂ ತುಂಬುವಾಗ ಅಕಿ ಕಡೆ ಫೋನ್ ಇಲ್ಲ ಅಂತ ನಿನ್ನ ನಂಬರು ಬರಸಿದಿಯಲ್ಲ, ಅದು ನೀನು ಮಾಡಿದ್ದು. ಹೆಸರು ಒಂದು, ಹುಟ್ಟಿದ ತಾರೀಖು ಒಂದು, ಊರು ಒಂದು, ಫೋನ್ ನಂಬರೂ ಒಂದು. ಸಾಲದ ಚರಿತ್ರೆ ಕೂಡಿಡೋ ಕಂಪನಿಗೆ ನಿಮ್ಮ ಮೂಗು ಬ್ಯಾರೆ ಬ್ಯಾರೆ ಅಂತ ಹೆಂಗ ಗೊತ್ತಾಗಬೇಕು? ಇಬ್ಬರನ್ನೂ ಒಬ್ಬಾಕಿ ಮಾಡಿ ಅಕಿ ಸಾಲ ನಿನ್ನ ಫೈಲಿಗೆ ಹಾಕ್ತು.

ಈ ಪತ್ರ ನಿನಗ ಮುಟ್ಟೋದು 2026ರ ಜುಲೈದಾಗ. ರೊಟ್ಟಿ ಮಷಿನ್ನಿಗೆ ಸಾಲ ಕೇಳಿ, ಬ್ಯಾಂಕಿನಿಂದ ಖಾಲಿ ಕೈಲೆ ಬಂದು ಒಂಬತ್ತು ದಿನ ಆಗಿರ್ತೈತಿ. ಬ್ಯಾಂಕಿನ ಮೇಡಮ್ಮು ನಿನಗ ಬಿಡಿಸಿ ಹೇಳಿದ್ಲು: ಸಾಲದ ನಿರ್ಧಾರ ನಾವು ಮಾಡ್ತೀವಿ, ಆದ್ರ ನಿನ್ನ ಸುದ್ದಿ ಕೂಡಿಡೋ ಕಂಪನಿ ಬ್ಯಾರೆ ನಾಕು ಅದಾವ, ವರ್ಷಕ್ಕೊಮ್ಮೆ ಒಂದೊಂದೂ ಪುಕ್ಕಟೆ ವರದಿ ಕೊಡ್ತೈತಿ, ತಪ್ಪಿದ್ರ ತಕರಾರು ಹಾಕು ಅಂತ. ನೀನು ಏನು ಮಾಡಿದಿ? ಮನಿಗೆ ಬಂದು ತಂಗಿಗೆ ಅತಗೋತ ಮೆಸೇಜ್ ಕಳಿಸಿದಿ. ಹೋಗ್ಲಿ ಬಿಡು, ಗೆಳತಿ ಮ್ಯಾಲೆ ಕಂಪ್ಲೇಂಟು ಕೊಟ್ಟು ಅಕಿ ಬಾಗಿಲಿಗೆ ಪೊಲೀಸ್ರು ಬಂದ್ರ ಓಣ್ಯಾಗ ಹೆಂಗ ತಿರಗ್ಯಾಡ್ಲಿ ಅಂದಿ. ಎಂಥಾ ಪೊಲೀಸ್ರಬೇ, ತಲಿ ಐತಿಲ್ಲೋ? ತಕರಾರು ಅಂದ್ರ ಇದು ನನ್ನ ಸಾಲ ಅಲ್ಲ ಅನ್ನೋ ಮಾತು, ಅಷ್ಟ. ಅದರಾಗ ಯಾರಿಗೂ ಬೇಡಿ ಇಲ್ಲ, ಯಾರಿಗೂ ಶಾಪ ಇಲ್ಲ. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ ಅಂತ ದಿನಕ್ಕ ಹತ್ತು ಸಲ ಅನ್ನಾಕಿ, ಮಾನ ಹೋಗುವಾಗ ಬಾಯಿ ಮುಚ್ಚಿ ಕುಂತಿ.

ಹೋಗ್ಲಿ ಬಿಡು ಅಂದಾಕಿ ಮನಸ್ಸಿನಾಗ ಬಿಡಲೂ ಇಲ್ಲ. ಅವತ್ತಿನಿಂದ ಆ ಬಡವಿ ಸಂಗಡ ಮಾತು ಬಿಟ್ಟಿ. ಕೋತಿ ಮೊಸರನ್ನ ತಿಂದು ಮ್ಯಾಕಿ ಬಾಯಿಗೆ ಒರಸಿತು ಅಂತ ತಂಗಿ ಮುಂದ ಆಡಿದಿ. ಹಿಂಗ ಇಪ್ಪತ್ನಾಕು ವರ್ಷ ನಡಸ್ತಿ, ಅಕಿ ಮಣ್ಣಿಗೂ ಹೋಗಂಗಿಲ್ಲ. ಕೇಳು: ಅಕಿ ಸಾಲ ತೀರಿಸ್ಯಾಳ. ಮೂರು ಕಂತು ತಡಾ ಮಾಡಿದ್ದು ಖರೆ, ಆದ್ರ 2021ರಾಗ ಪೈಸಾ ಪೈಸಾ ತುಂಬಿ ಕಡೇ ರಶೀದಿ ತಗೊಂಡಾಳ. ಸಾಲ ಕೊಟ್ಟಾವ ಅದನ್ನ ಆ ಕಂಪನಿಗೆ ತಿಳಸಲಿಲ್ಲ, ಅಕಿ ಬಾಕಿ ಇಲ್ಲ ಅನ್ನೋ ಪತ್ರ ಕೇಳಿ ತಗೊಳಲಿಲ್ಲ, ನೀನು ಅಕಿನ್ನ ಒಂದು ಮಾತು ಕೇಳಲಿಲ್ಲ. ನಮ್ಮ ಬಾಜೂ ಖೋಲಿ ಯಮನೂರಪ್ಪ ಅಕಿ ವಂಶದಾವ. ಹೋದ ತಿಂಗಳು ಅವರ ಮನಿ ಹಳೇ ಡಬ್ಬ್ಯಾಗ ರಶೀದಿ ಸಿಕ್ಕು ತಂದು ಕೊಟ್ಟ. ಓದಿ ನಿನ್ನ ಮ್ಯಾಲೆ ಭಾಳ ಸಿಟ್ಟು ಬಂತು. ರಶೀದಿ ಹಿಡಕೊಂಡು ಕಚೇರಿಗೆ ಓಡಿದ್ರ, ತಕರಾರು ಫೈಲಿನ ಮಾಲಕರ ಹಾಕಬೇಕು, ಮಾಲಕರನ್ನ ಕರಕೊಂಡು ಬಾ ಅಂದ್ರು. ನಿನ್ನ ಎಲ್ಲಿಂದ ಅಗದು ತರ್ಲಿ?

ಅದಕ ಈಗ ಹೇಳಿದಷ್ಟು ಮಾಡು. ನಾಕೂ ಕಂಪನಿಯಿಂದ ನಿನ್ನ ವರದಿ ತಗಿ, ಒಂದರಾಗ ಸರಿ ಐತಿ ಅಂತ ಉಳಿದಿದ್ದನ್ನ ಬಿಡಬ್ಯಾಡ. ಹೆಸರು, ವಿಳಾಸ, ಫೋನ್ ನಂಬರು ನೋಡು, ಆಮ್ಯಾಲೆ ಒಂದೊಂದ ಸಾಲದ ಮುಂದ ಬೊಟ್ಟಿಟ್ಟು ಇದು ನಂದೋ ಅಲ್ಲೋ ಅಂತ ಓದು. ಇಂಗ್ಲಿಷ್ ಓದಾಕ ಬರದಿದ್ರ ಬ್ಯಾಂಕಿನ ಮೇಡಮ್ಮಿನ ಕಡೆ ಓದಸು, ನಾಚಿಕಿ ಬ್ಯಾಡ. ಫ್ರಿಜ್ಜಿನ ಸಾಲಿನ ಮ್ಯಾಲೆ ತಕರಾರು ಹಾಕಿ ಗುರ್ತಿನ ಚೀಟಿ ಲಗತ್ತಿಸು. ಅವ್ರು ಸಾಲ ಕೊಟ್ಟಾವನ್ನ ಕೇಳ್ತಾರ, ಮೂವತ್ತು ದಿನದಾಗ ಸರಿ ಮಾಡಬೇಕು, ತಡಾ ಆದ್ರ ದಿನದ ಲೆಕ್ಕದಾಗ ಅವ್ರ ನಿನಗ ಪರಿಹಾರ ಕೊಡಬೇಕು. ತಕರಾರಿನ ನಂಬರು ಗ್ವಾಡಿ ಮ್ಯಾಲೆ ಬರದಿಡು. ತಿಂಗಳು ಕಳದ ಮ್ಯಾಲೆ ಮತ್ತ ವರದಿ ತಗದು ಆ ಸಾಲು ಹೋಗೈತೋ ಇಲ್ಲೋ ಕಣ್ಣಿಲೆ ನೋಡು, ಬಾಯಿ ಮಾತು ನಂಬಬ್ಯಾಡ. ಸೋಡಾ ಅಂಗಡಿಗೂ ಹೋಗು. ಆ ರಶೀದಿ ಸಾಲ ಕೊಟ್ಟಾವಗ ತೋರಿಸಿ ಬಾಕಿ ಇಲ್ಲ ಅನ್ನೋ ಪತ್ರ ಬರಸಿಕೊ ಅಂತ ಅಕಿಗೆ ಹೇಳು. ಅಕಿ ಸೋಡಾ ಕೊಟ್ರ ಕುಡಿ, ಬ್ಯಾಡ ಅನಬ್ಯಾಡ.

ಹಿಂಗಾಲುವಿ ಕಚೇರಿಯವ್ರು ನನ್ನ ಕಡೆ ಒಂದು ಕಾಗದಕ್ಕ ಸಹಿ ಹಾಕಿಸಿಕೊಂಡಾರ. ನೀನು ಆ ಸಾಲು ಅಳಸಿದ್ರ ನಾನು ನಿನ್ನ ಹುಡಕೋ ಕಾರಣ ಇರಂಗಿಲ್ಲ. ನೀನು ಅಂತ ಒಬ್ಬಾಕಿ ಇದ್ದಿ ಅನ್ನೋದೂ ನನಗ ತಿಳಿದಿರಂಗಿಲ್ಲ. ಈ ಸಿಟ್ಟೂ ಇರಂಗಿಲ್ಲ, ಸಿಟ್ಟಿನ ಕೆಳಗ ಇದ್ದಿದ್ದೂ ಇರಂಗಿಲ್ಲ. ಸಹಿ ಹಾಕೂಕಿಂತ ಮೊದ್ಲ ಎರಡು ಸಲ ಪೆನ್ನು ಕೆಳಗ ಇಟ್ಟೆ, ಸುಳ್ಳು ಯಾಕ ಹೇಳ್ಲಿ. ಆದ್ರೂ ಹಾಕೀನಿ. ನೀನು ನನಗ ಯಾರೂ ಅಲ್ಲದಾಕಿ ಆಗಿ ಹೋಗು ಹುಲಿಗೆಮ್ಮ, ನನ್ನ ಮಗಳು ಉಸಿರಾಡ್ಲಿ.